ಮನೆಯೊಳಗೊಂದು ರಾಟೆ: ವೃದ್ಧಾಪ್ಯ, ವ್ಯಾಯಾಮ ಮತ್ತು ಒಂದಿಷ್ಟು ಭೌತಶಾಸ್ತ್ರ

ನಿವೃತ್ತರಾದವರಿಗೆ ನಮ್ಮ ಸಮಾಜ ಪುಕ್ಕಟೆಯಾಗಿ ನೀಡುವ ಸಲಹೆಗಳಲ್ಲಿ ಮೊದಲನೆಯದು "ದಿನಾ ಬೆಳಗ್ಗೆ ವಾಕಿಂಗ್ ಮಾಡಿ" ಎಂಬುದು. ಎರಡನೆಯದು "ಇನ್ನು ಮೇಲೆ ಭಾರ ಎತ್ತಬೇಡಿ" ಎಂಬುದು. ಮೊದಲನೆಯದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಸಾಗರದ ಗಣಪತಿ ಕೆರೆಯ ಕಡೆಗೆ ಬೆಳಗಿನ ಹೊತ್ತು ಹೆಜ್ಜೆ ಹಾಕುವವರಲ್ಲಿ ನಾನೂ ಒಬ್ಬ. ಆ ನಡಿಗೆಯಿಂದ ದೇಹಕ್ಕೂ, ಊರಿನ ಸುದ್ದಿಯ ಸಂಗ್ರಹಕ್ಕೂ ಸಮಾನ ಪ್ರಯೋಜನವಾಗಿದೆ. ಎರಡನೆಯ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ನಮ್ಮ ವಯಸ್ಸಿನವರನ್ನು, ಅದರಲ್ಲೂ ಹೆಂಗಸರನ್ನು, ಕಾಲಕ್ಕೆ ಮುನ್ನವೇ ಪರಾಧೀನರನ್ನಾಗಿ ಮಾಡುತ್ತಿರುವುದು ಈ ಅತಿ ಕಾಳಜಿಯ ಮಾತೇ ಎಂಬುದು ನನ್ನ ಅಭಿಪ್ರಾಯ.

ವಯಸ್ಸಾದಂತೆ ಸ್ನಾಯುಗಳು ಸೊರಗುತ್ತವೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಅದಕ್ಕೊಂದು ಹೆಸರು ದೊರೆತದ್ದು ಮಾತ್ರ ತೀರ ಈಚೆಗೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯವಿಜ್ಞಾನಿ, ಮಾಂಸ ಮತ್ತು ಕೊರತೆ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ 'ಸಾರ್ಕೋಪೀನಿಯಾ' ಎಂದು ಕರೆದರು. ಮರುವರ್ಷವೇ, 1990ರಲ್ಲಿ, ಬೋಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ನಡೆಸಿದ ಒಂದು ಚಿಕ್ಕ ಪ್ರಯೋಗದ ವರದಿ ಪ್ರಕಟವಾಯಿತು. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, ಸುಮಾರು 90 ವರ್ಷ ವಯಸ್ಸಿನ 10 ಮಂದಿಗೆ 8 ವಾರ ಕಾಲುಗಳ ಬಲಕ್ಕಾಗಿ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರು 9 ಮಂದಿ. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು! 10 ಮಂದಿಯ ಪ್ರಯೋಗದಿಂದ ಲೋಕವನ್ನೆಲ್ಲ ಅಳೆಯಬಾರದು ಎಂದು ವಿಜ್ಞಾನದ ಮೇಷ್ಟ್ರಾದ ನನಗೆ ಗೊತ್ತಿದೆ. ಆದರೆ "ಈ ವಯಸ್ಸಿನಲ್ಲಿ ಇನ್ನೇನು ಬಲ ಬಂದೀತು" ಎಂಬ ಮಾತು ಸುಳ್ಳೆಂದು ತೋರಿಸಲು ಅಷ್ಟು ಸಾಕಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 65 ದಾಟಿದವರು ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳಿಗೂ ಬಲದ ವ್ಯಾಯಾಮ ಕೊಡಬೇಕು. 3 ದಿನ ಸಮತೋಲನಕ್ಕೂ ಬಲಕ್ಕೂ ಒತ್ತು ಕೊಡುವ ಬಗೆಬಗೆಯ ಚಟುವಟಿಕೆ ಇರಬೇಕು.

ನನ್ನ ದೊಡ್ಡಮ್ಮ 74ನೆಯ ವಯಸ್ಸಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಮೂಳೆಯೂ ಕೂಡಿತು. ಕೂಡದೇ ಹೋದದ್ದು ತೊಡೆಯ ಶಕ್ತಿ. ಮನೆಮಂದಿಯೆಲ್ಲ ಪ್ರೀತಿಯಿಂದ "ನೀವು ಏಳಬೇಡಿ, ನಾವಿದ್ದೇವೆ" ಎಂದರು, ಅವರು ಏಳಲಿಲ್ಲ. ಆಮೇಲೆ ಏಳಲಾಗಲಿಲ್ಲ. ಮನಸ್ಸು ಕೊನೆಯ ದಿನದವರೆಗೂ ಚುರುಕಾಗಿತ್ತು; ಪತ್ರಿಕೆಯನ್ನು ತಲೆಬರಹದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದರು. ಆದರೆ ಶೌಚಕ್ಕೆ ಕೂತಲ್ಲಿಂದ ಏಳಲು ಸೊಸೆಯನ್ನು ಕೂಗಬೇಕಿತ್ತು. ಹೀಗೆ 4 ವರ್ಷ. ಆ ಕೂಗಿನಲ್ಲಿದ್ದ ಸಂಕೋಚ ನನಗಿನ್ನೂ ಕೇಳಿಸುತ್ತದೆ.

ಎರಡು ವರ್ಷದ ಹಿಂದೆ ನನ್ನ ಶ್ರೀಮತಿ ಅಂಗಳದ ಪಾಚಿಯಲ್ಲಿ ಜಾರಿ ಎಡಗೈ ಮಣಿಕಟ್ಟನ್ನು ಮುರಿದುಕೊಂಡಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡಮ್ಮನೇ. ಪಟ್ಟಿ ಬಿಚ್ಚಿದ ಮೇಲೆ ಆಕೆಗೆ ಕುಕ್ಕರನ್ನು ಒಲೆಯಿಂದ ಇಳಿಸಲಾಗುತ್ತಿರಲಿಲ್ಲ. ಫಿಸಿಯೋಥೆರಪಿಗೆಂದು ಕರೆದೊಯ್ದೆ. ಅಲ್ಲಿ ಒಂದು ಕೆ.ಜಿ.ಯ ಡಂಬೆಲ್ ಹಿಡಿಯಲು ಹೆದರಿದವಳು, ಗೋಡೆಗೆ ಹಾಕಿದ್ದ ರಾಟೆಯ ಹಗ್ಗವನ್ನು ಮಾತ್ರ ಹೆದರದೆ ಎಳೆದಳು. ಏಕೆಂದು ಕೇಳಿದರೆ, "ಇದು ಬಿಟ್ಟರೆ ಕಾಲ ಮೇಲೆ ಬೀಳೋದಿಲ್ಲವಲ್ಲ" ಎಂದಳು. ಯಾವ ವ್ಯಾಯಾಮ ಗ್ರಂಥವೂ ಇದಕ್ಕಿಂತ ಚುಟುಕಾಗಿ ಈ ಯಂತ್ರದ ಗುಣವನ್ನು ಹೇಳಿರಲಾರದು. ಮನೆಗೊಂದು ಕೇಬಲ್ ಯಂತ್ರ ತರಬೇಕೆಂಬ ನಿಶ್ಚಯ ಅಂದೇ ಆಯಿತು.

ನನ್ನ ನಿಶ್ಚಯ ಕೇಳಿದ ಶ್ರೀಮತಿಯ ಪ್ರತಿಕ್ರಿಯೆ ಹೀಗಿತ್ತು: "ಅಲ್ಲ ಮಾರಾಯ್ರೆ, ಬಾವಿಗೆ ಮೋಟಾರು ಹಾಕಿಸಿ ರಾಟೆ ಕಿತ್ತವರೂ ನೀವೇ. ಈಗ ದುಡ್ಡು ಕೊಟ್ಟು ರಾಟೆ ತಂದು ನಡುಮನೆಯಲ್ಲಿ ಕೂರಿಸ್ತೀರಾ?"

ಮಾತು ತಮಾಷೆಯದಾದರೂ ಅದರಲ್ಲಿ ತಿರುಳಿದೆ. ನಮ್ಮ ತಾಯಂದಿರ ತಲೆಮಾರು ದಿನಕ್ಕೆ ಹತ್ತಾರು ಕೊಡಪಾನ ನೀರನ್ನು ಸೇದುತ್ತಿತ್ತು. ಒರಳಿನಲ್ಲಿ ರುಬ್ಬುತ್ತಿತ್ತು, ಒನಕೆಯಲ್ಲಿ ಕುಟ್ಟುತ್ತಿತ್ತು. ಅದು ಸುಖದ ಬದುಕೆಂದು ನಾನು ಹೇಳುವುದಿಲ್ಲ. ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಭಾಷಣ ಮಾಡುವ ಗಂಡಸರಲ್ಲಿ ಬಹುತೇಕರು ಒಂದು ದಿನವೂ ನೀರು ಸೇದಿದವರಲ್ಲ. ಆ ದುಡಿಮೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರೊಡನೆ ಬೆನ್ನು, ಭುಜ, ಹಿಡಿತಗಳಿಗೆ ಸಿಗುತ್ತಿದ್ದ ಕೆಲಸವೂ ಹೋಯಿತು. ಅದರ ಜಾಗಕ್ಕೆ ನಾವು ಏನನ್ನೂ ತರಲಿಲ್ಲ. ಗಂಡಸರಿಗಾದರೂ ಊರೂರಿಗೆ ಗರಡಿಮನೆಗಳಿದ್ದವು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇನ್ನು ಓದು ಬರಹದವರಿಗೆ ಅಂಗಸಾಧನೆ ಏಕೆ ಎನ್ನುವ ಮಿತ್ರರಿಗೆ ನಾನು ಕೆ. ವಿ. ಅಯ್ಯರ್ ಅವರನ್ನು ನೆನಪಿಸುತ್ತೇನೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಕೊಟ್ಟ ಅದೇ ಕೈಗಳು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನೂ ನಡೆಸಿದವು.

ಈ ರಾಟೆಯ ಯಂತ್ರ ಪೈಲ್ವಾನರಿಗಾಗಿ ಹುಟ್ಟಿದ್ದೆಂಬ ತಪ್ಪು ಕಲ್ಪನೆಯೂ ಇದೆ. 1879ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಯಾಮಶಾಲೆಯ ಹೊಣೆ ಹೊತ್ತ ಡಡ್ಲಿ ಸಾರ್ಜೆಂಟ್ ಎಂಬ ವೈದ್ಯರು ಹಗ್ಗ, ರಾಟೆ, ತೂಕಗಳ ಅನೇಕ ಸಾಧನಗಳನ್ನು ಅಲ್ಲಿ ಅಳವಡಿಸಿದರು. ಅವರ ಉದ್ದೇಶವೇ ದುರ್ಬಲನಾದವನೂ ತನ್ನ ಶಕ್ತಿಗೆ ತಕ್ಕಷ್ಟು ತೂಕ ಹೊಂದಿಸಿಕೊಂಡು ಅಲ್ಲಿಂದ ಮೇಲೇರಬೇಕು ಎಂಬುದು. ಬಲಿಷ್ಠರು ಅದನ್ನು ತಮ್ಮದಾಗಿಸಿಕೊಂಡದ್ದು ಆಮೇಲಿನ ಕಥೆ.

ಈಗ ಸ್ವಲ್ಪ ಪಾಠ. 32 ವರ್ಷ ಪ್ರೌಢಶಾಲೆಯಲ್ಲಿ 'ಸರಳ ಯಂತ್ರಗಳು' ಬೋಧಿಸಿದವನಿಗೆ ಇಷ್ಟು ಸ್ವಾತಂತ್ರ್ಯವನ್ನು ಓದುಗ ಮಿತ್ರರು ಕೊಡಬೇಕು. ಬಾವಿಯ ರಾಟೆ ಸ್ಥಿರ ರಾಟೆ. ಅದು ಭಾರವನ್ನು ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. 12 ಕೆ.ಜಿ.ಯ ಕೊಡಕ್ಕೆ 12 ಕೆ.ಜಿ.ಯ ಎಳೆತ ಬೇಕು. ಚಲ ರಾಟೆ ಹಾಗಲ್ಲ. ಭಾರದ ಜೊತೆಗೇ ಮೇಲೇರುವ ಆ ರಾಟೆಯಲ್ಲಿ ಹಗ್ಗದ ಎರಡು ಎಳೆಗಳು ಭಾರವನ್ನು ಹಂಚಿಕೊಳ್ಳುವುದರಿಂದ ಅರ್ಧ ಬಲ ಸಾಕು. ಆದರೆ ಇಮ್ಮಡಿ ದೂರ ಎಳೆಯಬೇಕು. ವ್ಯಾಯಾಮದ ಯಂತ್ರಗಳಲ್ಲಿಯೂ ಈ ಎರಡು ಜಾತಿಗಳಿವೆ. ಪ್ಲೇಟುಗಳ ಅಟ್ಟಿಯಲ್ಲಿ ಪಿನ್ನನ್ನು 20 ಕೆ.ಜಿ.ಗೆ ಸಿಕ್ಕಿಸಿದರೆ ಕೆಲವು ಯಂತ್ರಗಳಲ್ಲಿ ಕೈಗೆ 20 ಕೆ.ಜಿ. ಬರುತ್ತದೆ, ಇನ್ನು ಕೆಲವದರಲ್ಲಿ 10 ಮಾತ್ರ. ಅಂಗಡಿಯವರು ಇದನ್ನು 'ಒನ್ ಈಸ್ ಟು ಒನ್', 'ಟೂ ಈಸ್ ಟು ಒನ್' ಎನ್ನುತ್ತಾರೆ. ತಿಳಿಯುವುದು ಸುಲಭ: ಹಿಡಿಯನ್ನು 1 ಮೀಟರ್ ಎಳೆಯಿರಿ, ಪ್ಲೇಟುಗಳು ಅರ್ಧ ಮೀಟರ್ ಮಾತ್ರ ಏರಿದರೆ ಅದು ಎರಡನೆಯ ಜಾತಿ.

ಜಿಮ್ಮಿನ ಹುಡುಗರು ಎರಡನೆಯ ಜಾತಿಯನ್ನು ಕಂಡರೆ ಮೂಗು ಮುರಿಯುತ್ತಾರೆ. 50 ಎಂದು ಬರೆದು 25 ಕೊಡುವುದು ಮೋಸವಂತೆ! ನಮ್ಮಂಥವರಿಗೆ ಅದು ವರ. ಹೇಗೆಂದು ಹೇಳುತ್ತೇನೆ.

ನಾನು ಯಂತ್ರ ನೋಡಲು ಹೋಗುವಾಗ ಹಳೇ ಪೇಪರ್ ಕೊಳ್ಳುವವರು ಬಳಸುವಂಥ ಒಂದು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಮಾರಾಟದ ಹುಡುಗ, "ಸರ್, ಇದು 72 ಕೆ.ಜಿ. ಸ್ಟ್ಯಾಕು. ಐವತ್ತು ಥರ ಎಕ್ಸರ್‌ಸೈಜ್ ಮಾಡಬಹುದು" ಎಂದು ಪಾಠ ಒಪ್ಪಿಸಿದ. "ಅದಿರಲಿ, ಇದರಲ್ಲಿ ಅತಿ ಕಡಿಮೆ ಎಷ್ಟು?" ಎಂದು ಕೇಳಿದೆ. ಅವನಿಗೆ ಈ ಪ್ರಶ್ನೆ ಹೊಸದು. "ಕಮ್ಮಿ ಅಂದ್ರೆ... ಒಂದು ಪ್ಲೇಟು ಸರ್" ಎಂದ. ಪಿನ್ನನ್ನು ಮೊದಲ ಪ್ಲೇಟಿಗೆ ಹಾಕಿಸಿ, ತಕ್ಕಡಿಯ ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆದೆ. ಏರುವಾಗ 8 ಕೆ.ಜಿ. ತೋರಿಸಿತು, ಇಳಿಸುವಾಗ 5. ಎರಡರ ಸರಾಸರಿ ಆರೂವರೆ ನಿಜವಾದ ಭಾರ. ವ್ಯತ್ಯಾಸದ ಅರ್ಧ, ಎಂದರೆ ಒಂದೂವರೆ ಕೆ.ಜಿ., ರಾಟೆ ಮತ್ತು ಸರಳುಗಳ ಘರ್ಷಣೆ. ಮಣಿಕಟ್ಟು ಮುರಿದು ಕೂಡಿದ ಹೆಂಗಸು ಭುಜದ ವ್ಯಾಯಾಮವನ್ನು 8 ಕೆ.ಜಿ.ಯಿಂದ ಆರಂಭಿಸಲು ಸಾಧ್ಯವೇ? ಆ ಯಂತ್ರ ಅವಳ ಪಾಲಿಗೆ ಬಾಗಿಲೇ ಇಲ್ಲದ ಮನೆ.

ಬೆಂಗಳೂರಿನಲ್ಲಿ ಮಗನೊಡನೆ ಹೋಗಿ ನೋಡಿದ ಇನ್ನೊಂದು ಯಂತ್ರ ಎರಡನೆಯ ಜಾತಿಯದು. ಅಲ್ಲಿ ಮೊದಲ ಪ್ಲೇಟಿಗೆ ಏರುವಾಗ ಮೂರೂವರೆ, ಇಳಿಸುವಾಗ ಎರಡೂವರೆ. ("ಅಪ್ಪಯ್ಯ, ತಕ್ಕಡಿ ಒಳಗಿಡು, ಎಲ್ಲರೂ ನೋಡ್ತಿದ್ದಾರೆ" ಎಂದು ಮಗ ಪಿಸುಗುಟ್ಟಿದ್ದನ್ನು ಇಲ್ಲಿ ದಾಖಲಿಸಬೇಕು. ಅಂಗಡಿಯ ಮಾಲೀಕರು ಮಾತ್ರ ಆಸಕ್ತಿಯಿಂದ ಬಂದು ತಾವೂ ಒಮ್ಮೆ ಎಳೆದು ನೋಡಿದರು.) ಕೈಗೆ ಸಿಗುವ ಆರಂಭದ ಭಾರ ಅರ್ಧಕ್ಕಿಂತ ಕಡಿಮೆ, ಘರ್ಷಣೆ ಮೂರರಲ್ಲೊಂದು ಪಾಲು. ಅಷ್ಟೇ ಅಲ್ಲ, ಒಂದೊಂದು ಪ್ಲೇಟು 5 ಕೆ.ಜಿ. ಎಂದಿದ್ದರೂ ಕೈಗೆ ಹೆಚ್ಚುವುದು ಎರಡೂವರೆ. ಮೆಟ್ಟಿಲು ಗಿಡ್ಡದಾಗುತ್ತದೆ. 50 ಎಳೆಯುವ ಯುವಕನಿಗೆ 5 ಕೆ.ಜಿ. ಹೆಚ್ಚಿಸಿದರೆ ಅದು ಹತ್ತನೆಯ ಒಂದು ಪಾಲು. 5 ಎಳೆಯುವ ಅಜ್ಜಿಗೆ ಅದೇ 5 ಕೆ.ಜಿ. ಎಂದರೆ ಇಮ್ಮಡಿ. ಇಮ್ಮಡಿ ಎತ್ತರದ ಮೆಟ್ಟಿಲನ್ನು ಯಾರು ಹತ್ತುತ್ತಾರೆ? ಹತ್ತಲಾಗದೆ ಕೈಬಿಡುತ್ತಾರೆ. ಯಂತ್ರ ಬಟ್ಟೆ ಒಣಹಾಕುವ ಸ್ಟ್ಯಾಂಡಾಗುತ್ತದೆ. ಅದನ್ನು ನೋಡಿ ಮನೆಯವರು "ನಿಮಗೆ ಶಿಸ್ತಿಲ್ಲ" ಎಂದು ದೂರುತ್ತಾರೆ. ನನ್ನ ಮಟ್ಟಿಗೆ ದೋಷ ಶಿಸ್ತಿನದಲ್ಲ, ಯಂತ್ರದ ಕನಿಷ್ಠ ತೂಕದ್ದು.

ಆದ್ದರಿಂದ ಯಂತ್ರ ಕೊಳ್ಳಲು ಹೊರಟ ನನ್ನ ವಯಸ್ಸಿನವರಿಗೆ ನಾನು ಹೇಳುವುದು: ಅದು ಗರಿಷ್ಠ ಎಷ್ಟು ಭಾರ ಕೊಡುತ್ತದೆ ಎಂದು ಕೇಳಬೇಡಿ, ಕನಿಷ್ಠ ಎಷ್ಟು, ಅಲ್ಲಿಂದ ಮುಂದಿನ ಹೆಜ್ಜೆ ಎಷ್ಟು, ಎಳೆತ ಎಷ್ಟು ನುಣುಪು ಎಂದು ಕೇಳಿ. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿರುವುದು ಮೊದಲನೆಯದು ಮಾತ್ರ. 72 ಕೆ.ಜಿ.ಯಲ್ಲಿ 50ಕ್ಕೂ ಮಿಕ್ಕ ಕಬ್ಬಿಣವನ್ನು ನಮ್ಮಂಥವರು ಜೀವಮಾನದಲ್ಲಿ ಅಲುಗಿಸುವುದಿಲ್ಲ.

ಇನ್ನು ಯಾವ ಬಗೆಯದು? ಕುರ್ಚಿ, ಕಾಲು ಒದೆಯುವ ಹಲಗೆ, ಎದೆಗೆ ತಳ್ಳುವ ತೋಳು ಎಲ್ಲವೂ ಒಂದೇ ಚೌಕಟ್ಟಿನಲ್ಲಿರುವ 'ಹೋಮ್ ಜಿಮ್' ನನಗೆ ಇಷ್ಟವಾಗಲಿಲ್ಲ. ಅದರ ತೋಳು ಚಲಿಸುವ ದಾರಿ ನಿಗದಿಯಾದದ್ದು. ನಮ್ಮ ಭುಜ ಆ ದಾರಿಗೆ ಒಗ್ಗದಿದ್ದರೆ ನೋವು ನಮಗೆ, ಯಂತ್ರಕ್ಕಲ್ಲ. ಕಂಬದ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸಿ ಬೇಕಾದ ಎತ್ತರದಲ್ಲಿ ನಿಲ್ಲಿಸಬಹುದಾದ ರಾಟೆಯೇ ಮೇಲು. ಅಂಥ ಎರಡು ಕಂಬ, ಎರಡು ಅಟ್ಟಿ ಇರುವ 'ಫಂಕ್ಷನಲ್ ಟ್ರೈನರ್' ಉತ್ತಮ; ಎರಡು ಕೈಗೆ ಬೇರೆ ಬೇರೆ ತೂಕ ಹಾಕಬಹುದು. ಆದರೆ ಜಾಗ ಹೆಚ್ಚು, ಬೆಲೆಯೂ ಹೆಚ್ಚು. ನಾವು ತಂದದ್ದು ಒಂದೇ ಕಂಬದ್ದು. ಒಂದು ಕೈ ಆದ ಮೇಲೆ ಇನ್ನೊಂದು ಕೈ. ನಮಗೇನು, ಬಸ್ಸು ತಪ್ಪುತ್ತದೆಯೇ?

ಹಣವಿಲ್ಲದವರು ಸಾಲ ಮಾಡಿ ಇದನ್ನು ತರಬೇಕಿಲ್ಲ. ಬಾಗಿಲಿಗೆ ಸಿಕ್ಕಿಸುವ ರಬ್ಬರ್ ಬ್ಯಾಂಡುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಬಹುಪಾಲು ಕೆಲಸ ಅದರಿಂದಲೂ ಆಗುತ್ತದೆ. ಅದರ ಕುಂದೆಂದರೆ ಎಳೆದಷ್ಟೂ ಬಿಗಿಯುತ್ತದೆ, ಇವತ್ತು ಎಷ್ಟು ಎಳೆದೆವೆಂದು ಅಳೆಯಲಾಗುವುದಿಲ್ಲ, ರಬ್ಬರು ಹಳತಾದಾಗ ಪಟ್ಟನೆ ಹರಿಯುತ್ತದೆ. ಕಾಲಿನ ಬಲಕ್ಕಂತೂ ಯಾವ ಯಂತ್ರವೂ ಬೇಡ. ಗಟ್ಟಿ ಕುರ್ಚಿಯ ಮೇಲೆ ಕೂತು, ಕೈ ಊರದೆ, ಹತ್ತು ಬಾರಿ ಎದ್ದು ಕೂತರೆ ಅದೇ ನಮ್ಮ ಬಸ್ಕಿ. ಕುರ್ಚಿಯಿಂದ ಸಿಗದದ್ದು ಎಳೆಯುವ ವ್ಯಾಯಾಮ. ಡಂಬೆಲ್ಲಿನ ಭಾರ ಯಾವಾಗಲೂ ನೆಲದ ಕಡೆಗೇ. ಬೆನ್ನಿನ ಸ್ನಾಯುಗಳಿಗೆ ಕೆಲಸ ಕೊಡಬೇಕಾದರೆ ಡಂಬೆಲ್ ಹಿಡಿದು ಸೊಂಟ ಬಗ್ಗಿಸಿ ನಿಲ್ಲಬೇಕು. ನಮ್ಮ ವಯಸ್ಸಿನ ಸೊಂಟಕ್ಕೆ ಅದು ಕಷ್ಟ. ರಾಟೆಯಾದರೆ ನೆಟ್ಟಗೆ ಕೂತು ಎದೆಯ ಕಡೆಗೆ ಎಳೆದುಕೊಂಡರಾಯಿತು. ದಿಕ್ಕು ಬದಲಿಸುವುದೇ ರಾಟೆಯ ಧರ್ಮ.

ಕೊಳ್ಳುವ ಮುನ್ನ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಕೇಬಲ್ ಹೋದರೆ ಕೊಡುವವರು ಯಾರು? ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಆ ಹುರಿ ಎಂದಾದರೂ ಸವೆಯುವ ವಸ್ತು. ಅದರ ಉದ್ದ, ತುದಿಯ ಕೊಂಡಿ ಒಂದೊಂದು ಯಂತ್ರಕ್ಕೆ ಒಂದೊಂದು ಬಗೆ. ನಾನು ನೋಡಿದ ಒಂದು ಅಂಗಡಿಯಲ್ಲಿ "ಅದೆಲ್ಲ ಹೋಗೋದೇ ಇಲ್ಲ ಸರ್" ಎಂಬ ಉತ್ತರ ಬಂತು. ಅಂಥಲ್ಲಿಂದ ಎದ್ದು ಬರುವುದೇ ಸರಿ. ಮುಚ್ಚಿದ ಜಿಮ್ಮುಗಳ ಹಳೆಯ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ, ಚೌಕಟ್ಟು ಗಟ್ಟಿಯಾಗಿಯೂ ಇರುತ್ತದೆ. ಆದರೆ ಅವುಗಳ ಮೊದಲ ಪ್ಲೇಟೇ ಭಾರವಿರುವುದುಂಟು. ತಕ್ಕಡಿ ಒಯ್ಯಿರಿ.

ಯಂತ್ರ ಬಂದಿಳಿದ ದಿನ ಜೋಡಿಸಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಹೇಗೋ ತೇರ್ಗಡೆಯಾದವನ ಕೈಯಲ್ಲಿ ಈಗ ಎಷ್ಟು ಭೌತಶಾಸ್ತ್ರವಿದೆ ಎಂಬುದನ್ನು ಅಂದು ಕಂಡೆ. ನಾನು ಸ್ಪ್ಯಾನರ್ ಹಿಡಿದು ಮೊದಲ ಬೋಲ್ಟಿಗೆ ಕೈಹಾಕುವ ಹೊತ್ತಿಗೆ, "ಸರ್, ಈಗಲೇ ಬಿಗಿ ಮಾಡೋದು ಬ್ಯಾಡ. ಎಲ್ಲ ನಿಂತ ಮ್ಯಾಲೆ ಒಟ್ಟಿಗೆ ಬಿಗಿ ಮಾಡಾಣ" ಎಂದ. ಎಲ್ಲ ಬೋಲ್ಟುಗಳನ್ನು ಕೈಬಿಗಿಯಲ್ಲಿಟ್ಟು, ಚೌಕಟ್ಟು ನೇರವಾಗಿ ನಿಂತ ಮೇಲೆ ಕೆಳಗಿನಿಂದ ಒಂದೊಂದಾಗಿ ಬಿಗಿಯುವುದೇ ಕ್ರಮ.

ನೇರವಾಗಿ ನಿಲ್ಲಿಸುವುದೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ನಮ್ಮ ಹಳೆಯ ಮನೆಯ ನೆಲ ತೊಳೆದ ನೀರು ಹರಿದುಹೋಗಲೆಂದು ಬಾಗಿಲ ಕಡೆಗೆ ಇಳಿಜಾರಾಗಿದೆ. ಪ್ಲೇಟುಗಳು ಜಾರುವ ಎರಡು ಸರಳುಗಳು ಲಂಬವಾಗಿರದಿದ್ದರೆ ಪ್ಲೇಟುಗಳು ಅವುಗಳಿಗೆ ಉಜ್ಜಿಕೊಂಡು ಏರುತ್ತವೆ. ಅಂಗಡಿಯಲ್ಲಿ ನುಣುಪಾಗಿದ್ದ ಯಂತ್ರ ಮನೆಯಲ್ಲಿ ಕರಕರ ಎನ್ನುತ್ತದೆ. ಹುಡುಗ ರಸಮಟ್ಟ ಇಟ್ಟು ನೋಡಿ, ಒಂದು ಕಡೆ ಗಟ್ಟಿ ರಬ್ಬರಿನ ತುಂಡುಗಳನ್ನು ಕೊಟ್ಟು ಸಮಮಾಡಿದ. ಆಮೇಲೆ ಗೋಡೆಯ ಪ್ರಶ್ನೆ. ಯಂತ್ರವನ್ನು ಗೋಡೆಗೆ ಬೋಲ್ಟು ಹಾಕಿ ಭದ್ರಪಡಿಸಿ ಎಂದು ಜೊತೆಗೆ ಬಂದ ಪುಸ್ತಿಕೆ ಹೇಳುತ್ತಿತ್ತು. ನಮ್ಮದು ಮಣ್ಣಿನ ಇಟ್ಟಿಗೆಯ ಗೋಡೆ. ಕ್ಯಾಲೆಂಡರಿನ ಮೊಳೆಯೇ ಅಲ್ಲಾಡುತ್ತದೆ! (ಅಪಾರ್ಟ್‌ಮೆಂಟುಗಳ ಟೊಳ್ಳು ಬ್ಲಾಕಿನ ಗೋಡೆ, ನಾಲ್ಕೂವರೆ ಇಂಚಿನ ಅಡ್ಡಗೋಡೆಗಳೂ ಇದಕ್ಕೆ ನಂಬಿಕಸ್ತವಲ್ಲ.) ಲೆಕ್ಕ ಹಾಕಿ ನೋಡಿದೆ. 2 ಮೀಟರ್ ಎತ್ತರದ ರಾಟೆಯನ್ನು ಅಡ್ಡಲಾಗಿ 15 ಕೆ.ಜಿ. ಬಲದಿಂದ ಎಳೆದರೆ ಉರುಳಿಸುವ ಭ್ರಾಮಕ 30. ನಮ್ಮ ಯಂತ್ರದ 120 ಕೆ.ಜಿ. ತೂಕ, ಪಾದದ ಮುಂದಿನ ಅಂಚಿನಿಂದ ಅರ್ಧ ಮೀಟರ್ ಹಿಂದಿರುವುದರಿಂದ, ತಡೆಯುವ ಭ್ರಾಮಕ 60. ನಿಧಾನವಾಗಿ ಎಳೆದರೆ ಉರುಳದು. ಆದರೆ ಯಾರಾದರೂ ಜಗ್ಗಿ ಎಳೆದರೆ? ಹುಡುಗ ನನ್ನ ಲೆಕ್ಕವನ್ನು ವಿನಯದಿಂದ ಕೇಳಿಸಿಕೊಂಡು, ದಪ್ಪ ಪ್ಲೈವುಡ್ಡಿನ ಎರಡು ಪದರದ ಹಲಗೆ ತರಿಸಿ, ಯಂತ್ರದ ಪಾದವನ್ನು ಅದಕ್ಕೆ ಬೋಲ್ಟು ಹಾಕಿ ಕೂರಿಸಿದ. ಎಳೆಯುವವರು ನಿಲ್ಲುವುದೂ ಅದೇ ಹಲಗೆಯ ಮೇಲೆ. ಅವರ ತೂಕವೇ ಯಂತ್ರವನ್ನು ಹಿಡಿದುಕೊಳ್ಳುತ್ತದೆ. ಪೂರ್ಣಾಂಕ ಕೊಡದೆ ಇರಲಾಗಲಿಲ್ಲ.

ಮಹಡಿಯ ಮೇಲೆ ಇಡುವವರು ಒಂದು ಮಾತು ಗಮನಿಸಬೇಕು. ವಾಸದ ಕೋಣೆಯ ನೆಲಕ್ಕೆ ಭಾರತೀಯ ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಎರಡು ಅಟ್ಟಿಯ ದೊಡ್ಡ ಯಂತ್ರ, ಮೇಲೆ ನಿಂತ ಮನುಷ್ಯ ಸೇರಿದರೆ ಈ ಲೆಕ್ಕದ ಹತ್ತಿರ ಬರುತ್ತೇವೆ. ಕೋಣೆಯ ನಡುವೆ ಇಡದೆ ತೊಲೆಯ ಬಳಿ, ಭಾರ ಹೊರುವ ಗೋಡೆಯ ಮಗ್ಗುಲಲ್ಲಿ ಇಡುವುದು ಕ್ಷೇಮ. ಹಳೆಯ ಮರದ ಅಟ್ಟದ ಮೇಲಂತೂ ಕೂಡದು. ಸೀಲಿಂಗ್ ಫ್ಯಾನಿನ ರೆಕ್ಕೆಗೂ ಯಂತ್ರದ ತಲೆಗೂ ಮೇಲೆತ್ತಿದ ಕೈಗೂ ನಡುವೆ ಎಷ್ಟು ಅಂತರವಿದೆ ಎಂದು ಅಳೆಯುವುದನ್ನು ಮರೆಯಬೇಡಿ.

ಕೊನೆಗೆ ಕೇಬಲ್ಲಿನ ಬಿಗಿ. ಸಡಿಲವಾದರೆ ಅದು ರಾಟೆಯ ಕೊರಕಲಿನಿಂದ ಹೊರಗೆ ಹಾರುತ್ತದೆ. ಅತಿ ಬಿಗಿಯಾದರೆ ಮೇಲಿನ ಪ್ಲೇಟು ಕೂದಲೆಳೆಯಷ್ಟು ಎತ್ತಿಕೊಂಡೇ ಇದ್ದು ಪಿನ್ನಿನ ತೂತುಗಳು ಹೊಂದುವುದಿಲ್ಲ. ಪಿನ್ನು ಸಲೀಸಾಗಿ ಪೂರ್ತಿ ಒಳಹೋಗಬೇಕು, ಕೇಬಲ್ ಜೋತುಬೀಳಬಾರದು. ಆ ನಡುವಿನ ಹದವನ್ನು ತುದಿಯ ನಟ್ಟು ತಿರುಗಿಸಿ ಹಿಡಿಯಬೇಕು. ಒಂದು ವಾರ ಬಳಸಿದ ಮೇಲೆ ಇನ್ನೊಮ್ಮೆ ಎಲ್ಲ ನಟ್ಟುಗಳನ್ನು ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ರಾತ್ರಿ ಕಳೆಯುವುದರೊಳಗೆ. ಸರಳುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹಾಕುತ್ತೇನೆ. ಕೊಬ್ಬರಿ ಎಣ್ಣೆ ಸವರಿದರೆ ಅದು ಧೂಳು ಹಿಡಿದು ಅಂಟಾಗುತ್ತದೆ. ತಿಂಗಳಿಗೊಮ್ಮೆ ಕೇಬಲ್ಲನ್ನು ಉದ್ದಕ್ಕೂ ಬಟ್ಟೆಯಿಂದ ಸವರಿ ನೋಡುತ್ತೇನೆ. ಹೊದಿಕೆ ಬಿರಿದು ಉಕ್ಕಿನ ಎಳೆ ಮುಳ್ಳಿನಂತೆ ಕಂಡರೆ ಅಂದೇ ಬಳಕೆ ನಿಲ್ಲಿಸಿ ಹೊಸತು ತರಿಸಬೇಕು.

ಬಳಕೆಯ ವಿಷಯದಲ್ಲಿ ನಾನು ವೈದ್ಯನಲ್ಲ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಕಣ್ಣಿನ ಗ್ಲಾಕೋಮಾ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಎಲ್ಲರೂ ಪಾಲಿಸಬೇಕಾದದ್ದು ಉಸಿರು ಕಟ್ಟದಿರುವುದು: ಎಳೆಯುವಾಗ ಉಸಿರು ಹೊರಕ್ಕೆ, ಬಿಡುವಾಗ ಒಳಕ್ಕೆ. ಮೇಲಿನ ಹಿಡಿಯನ್ನು ಎದೆಯ ಕಡೆಗೆ ಎಳೆಯಬೇಕೇ ಹೊರತು ಕತ್ತಿನ ಹಿಂದಕ್ಕಲ್ಲ. ನಾವು ವಾರಕ್ಕೆ ಎರಡು ದಿನ, ಅರ್ಧ ಗಂಟೆ ಮಾಡುತ್ತೇವೆ. 12 ಬಾರಿ ಎಳೆದಾಗ ಕೊನೆಯ ಎರಡು ಕಷ್ಟವೆನಿಸಬೇಕು. 15 ಬಾರಿ ಸಲೀಸಾದ ದಿನ ಪಿನ್ನು ಒಂದು ಪ್ಲೇಟು ಕೆಳಗೆ ಹೋಗುತ್ತದೆ. ಪಾದಕ್ಕೆ ಪಟ್ಟಿ ಕಟ್ಟಿ ಕಾಲನ್ನು ಪಕ್ಕಕ್ಕೆ ಎಳೆಯುವ ವ್ಯಾಯಾಮವನ್ನು ಇಬ್ಬರೂ ತಪ್ಪಿಸುವುದಿಲ್ಲ. ಒಂದು ಕಾಲ ಮೇಲೆ ನಿಂತಾಗ ಸೊಂಟ ವಾಲದಂತೆ ಹಿಡಿಯುವ ಸ್ನಾಯುಗಳಿಗೆ ಅದು ಬೇಕು. ಜಾರಿದಾಗ ಸಾವರಿಸಿಕೊಳ್ಳಲು ನೆರವಾಗುವುದೂ ಅವೇ.

ಮೂರೂವರೆ ಕೆ.ಜಿ.ಯಿಂದ ಆರಂಭಿಸಿದ ಶ್ರೀಮತಿ ಒಂದೂಕಾಲು ವರ್ಷದಲ್ಲಿ ಕೂತು ಎಳೆಯುವ ವ್ಯಾಯಾಮದಲ್ಲಿ 16 ಕೆ.ಜಿ.ಗೆ ಬಂದಿದ್ದಾಳೆ. ಎಡಗೈ ಇನ್ನೂ ಬಲಗೈಗಿಂತ ಒಂದು ಪ್ಲೇಟು ಹಿಂದೆ. ಕುಕ್ಕರ್ ಇಳಿಸಲು ನನ್ನನ್ನು ಕರೆಯುವುದಿಲ್ಲ. ನೆಲದ ಮೇಲೆ ಕೂತು ಹೂ ಕಟ್ಟಿ ಒಂದು ಕೈ ಊರಿ ಏಳುತ್ತಾಳೆ. ನನ್ನ ಲೆಕ್ಕದ ಪುಸ್ತಕದಲ್ಲಿ ಅವಳ ಅಂಕಣ ನನ್ನದಕ್ಕಿಂತ ವೇಗವಾಗಿ ಏರುತ್ತಿದೆ ಎಂಬುದನ್ನು ಅವಳು ಬಂದವರಿಗೆಲ್ಲ ತೋರಿಸುತ್ತಾಳೆ.

ರಜೆಗೆ ಬರುವ ಮೊಮ್ಮಗನಿಗೆ ಐದು ವರ್ಷ. ಏರಿದ ಪ್ಲೇಟುಗಳ ಸಂದಿನಲ್ಲಿ ಬೆರಳಿಡಬೇಕೆಂಬ ಆಸೆ ಮಕ್ಕಳಿಗೆ ಏಕೆ ಹುಟ್ಟುತ್ತದೋ ತಿಳಿಯದು, ಆದರೆ ಹುಟ್ಟುತ್ತದೆ. ಅಟ್ಟಿಯ ಮುಂದೆ ತಗಡಿನ ಮುಚ್ಚಳ ಹಾಕಿಸಿದ್ದೇವೆ. ವ್ಯಾಯಾಮ ಮುಗಿದ ಮೇಲೆ ಪಿನ್ನು ಯಂತ್ರದಲ್ಲಿರುವುದಿಲ್ಲ. ಬೀರುವಿನ ಬೀಗದ ಕೈ ಗೊಂಚಲಿನ ಜೊತೆಗೆ ಶ್ರೀಮತಿಯ ಸೊಂಟದಲ್ಲಿರುತ್ತದೆ. ನನಗೆ ವ್ಯಾಯಾಮ ಮಾಡಬೇಕಾದರೂ ಅವಳನ್ನೇ ಕೇಳಬೇಕು.